ಡಾಲರ್ ವ್ಯವಹಾರ: ರಕ್ಷಣೆಗೆ ಇರಲಿ, ಸಂಪಾದನೆಗೆ ಬೇಡ

ಕೊಡಗಿನ ಕಾಫಿ ವ್ಯಾಪಾರಸ್ಥನು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಮೂರು ದರಗಳನ್ನು ವಿಚಾರಿಸುತ್ತಾನೆ. ಹಿಂದಿನ ರಾತ್ರಿ ಲಂಡನ್ ಪೇಟೆಯಲ್ಲಿ ರೋಬಸ್ಟಾ ಮುಕ್ತಾಯಗೊಂಡ ದರ ಮೊದಲನೆಯದು. ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ನಿಂತ ದರ ಎರಡನೆಯದು. ಡಾಲರಿಗೆ ಎಷ್ಟು ರೂಪಾಯಿ ಎಂಬುದು ಮೂರನೆಯದು. ಮೊದಲೆರಡು ದರಗಳ ಬಗ್ಗೆ ಗೋಣಿಕೊಪ್ಪಲು, ಸಿದ್ದಾಪುರ, ಸುಂಟಿಕೊಪ್ಪ, ಸೋಮವಾರಪೇಟೆಗಳಲ್ಲಿ ದಿನವಿಡೀ ಚರ್ಚೆ ನಡೆಯುತ್ತದೆ. ಮೂರನೆಯದರ ಬಗ್ಗೆ ಆಗುವ ಚರ್ಚೆ ಕಡಿಮೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಈ ಮೂರನೆಯ ದರವು ಬೇರೊಂದು ರೂಪದಲ್ಲಿ ಜಿಲ್ಲೆಯ ಮನೆಗಳನ್ನು ಪ್ರವೇಶಿಸಿದೆ. ಮೊಬೈಲ್ ಫೋನಿನಲ್ಲಿ ಕುಳಿತಲ್ಲೇ ಡಾಲರ್, ಯೂರೋ, ಯೆನ್ ಕೊಂಡು ಮಾರಿ ಲಾಭ ಗಳಿಸಬಹುದೆಂಬ ಪ್ರಚಾರವೇ ಆ ರೂಪ.

ಈ ಪ್ರಚಾರಕ್ಕೆ ಕಿವಿಗೊಡುವವರು ಕೇಳುವ ಪ್ರಶ್ನೆ ಒಂದೇ: ಎಚ್ಚರಿಕೆಯಿಂದ, ಸಣ್ಣ ಮೊತ್ತದಲ್ಲಿ ಆರಂಭಿಸಿದರೆ ಕರೆನ್ಸಿ ವ್ಯವಹಾರದಲ್ಲಿ ತಪ್ಪೇನು? ಇದಕ್ಕೆ ನೇರವಾದ ಉತ್ತರ ಕೊಡುವ ಮೊದಲು ಒಂದು ಸಂಗತಿಯನ್ನು ಮನಗಾಣಬೇಕು. ಕಾಫಿ ಅಥವಾ ಕರಿಮೆಣಸನ್ನು ನಂಬಿ ಬದುಕುವ ವ್ಯಾಪಾರಸ್ಥನು ಕರೆನ್ಸಿ ಪೇಟೆಗೆ ಹೊಸಬನಲ್ಲ. ಅವನು ಬಹುಕಾಲದಿಂದ ಅದರೊಳಗೇ ಇದ್ದಾನೆ. ಅದು ಅವನ ಅರಿವಿಗೆ ಬಂದಿಲ್ಲ, ಅಷ್ಟೇ. ಅವನಿಗೆ ಬೇಕಾಗಿರುವುದು ಇರುವ ಅಪಾಯವನ್ನು ತಗ್ಗಿಸುವ ವಿದ್ಯೆ. ಇನ್ನೊಂದು ಅಪಾಯವನ್ನು ಅದರ ಮೇಲೆ ಹೇರುವ ವಿದ್ಯೆಯಲ್ಲ.

ಕಾಫಿ ಚೀಲದೊಳಗಿನ ಡಾಲರ್

ಭಾರತದ ಕಾಫಿ ಉತ್ಪಾದನೆಯಲ್ಲಿ ಸುಮಾರು ಮೂರನೆಯ ಒಂದು ಭಾಗ ಕೊಡಗಿನದು. ದೇಶದ ಕಾಫಿಯಲ್ಲಿ ಮೂರನೆಯ ಎರಡು ಭಾಗದಷ್ಟು ಹೊರದೇಶಗಳಿಗೆ ಹೋಗುತ್ತದೆ. ಇಟಲಿ, ಜರ್ಮನಿ, ರಷ್ಯಾ, ಬೆಲ್ಜಿಯಂ ಅದರ ಪ್ರಮುಖ ಖರೀದಿದಾರರು. ರೋಬಸ್ಟಾ ಲಂಡನ್‌ನಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದೂ, ಅರೇಬಿಕಾ ನ್ಯೂಯಾರ್ಕ್‌ನಲ್ಲಿ ಪೌಂಡಿಗೆ ಇಷ್ಟು ಸೆಂಟ್ ಎಂದೂ ನಿಗದಿಯಾಗುತ್ತದೆ. ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ನ ಅಂಗಳಕ್ಕೆ ಬರುವ 50 ಕಿಲೋ ಚೆರಿ ಚೀಲದ ಬೆಲೆ ರೂಪಾಯಿಯಲ್ಲಿ ಬರೆಯಲ್ಪಟ್ಟರೂ ಅದರ ಮೂಲ ಲೆಕ್ಕ ಡಾಲರಿನದೇ.

ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. 1942ರ ಕಾಫಿ ಕಾಯಿದೆಯಡಿ ರೂಪುಗೊಂಡ ಪೂಲ್ ವ್ಯವಸ್ಥೆಯಲ್ಲಿ ಬೆಳೆಗಾರನು ತನ್ನ ಬೆಳೆಯನ್ನು ಕಾಫಿ ಮಂಡಳಿಗೆ ಒಪ್ಪಿಸಿ ಕಂತುಗಳಲ್ಲಿ ಹಣ ಪಡೆಯುತ್ತಿದ್ದನು. ವಿನಿಮಯ ದರದ ಚಿಂತೆ ಅವನ ಅಂಗಳಕ್ಕೆ ಬರುತ್ತಿರಲಿಲ್ಲ. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಕುಸಿಯಿತು. 1992ರಿಂದ ಹಂತಹಂತವಾಗಿ ಸಡಿಲಗೊಂಡ ಪೂಲ್ ವ್ಯವಸ್ಥೆ 1996ರಲ್ಲಿ ಪೂರ್ಣವಾಗಿ ತೆರವಾಯಿತು. ಬೆಳೆಗಾರನಿಗೂ ಸ್ಥಳೀಯ ವ್ಯಾಪಾರಿಗೂ ಸ್ವಾತಂತ್ರ್ಯ ದೊರೆಯಿತು. ಆ ಸ್ವಾತಂತ್ರ್ಯದೊಡನೆ ಡಾಲರಿನ ಏರಿಳಿತವೂ ಅವರ ಪಾಲಿಗೆ ಬಂದಿತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೊಡಗಿನ ಕಾಫಿಗೆ ರೂಪಾಯಿಯೊಂದೇ ಕರೆನ್ಸಿಯಲ್ಲ, ಬ್ರೆಜಿಲ್ ದೇಶದ ರಿಯಾಲ್ ಕೂಡ ಅದರ ದರವನ್ನು ಆಳುತ್ತದೆ. ರಿಯಾಲ್ ಕುಸಿದಾಗ ಬ್ರೆಜಿಲ್ ಬೆಳೆಗಾರನಿಗೆ ಅದೇ ಡಾಲರಿಗೆ ಹೆಚ್ಚು ಸ್ಥಳೀಯ ಹಣ ಸಿಗುವುದರಿಂದ ಅವನು ದಾಸ್ತಾನನ್ನು ಪೇಟೆಗೆ ಬಿಡುತ್ತಾನೆ. ನ್ಯೂಯಾರ್ಕ್ ದರ ಇಳಿಯುತ್ತದೆ. 1999ರ ಜನವರಿಯಲ್ಲಿಯೂ 2015ರಲ್ಲಿಯೂ ರಿಯಾಲ್ ತೀವ್ರವಾಗಿ ಕುಸಿಯಿತು. 2015ರಲ್ಲಿ ರೂಪಾಯಿಯೂ ಡಾಲರಿನೆದುರು ಸ್ವಲ್ಪ ಇಳಿದಿತ್ತು. ಆದರೆ ಅರೇಬಿಕಾ ದರ ಅದಕ್ಕಿಂತ ಹೆಚ್ಚು ಇಳಿದುದರಿಂದ ರೂಪಾಯಿ ಇಳಿಕೆಯ ಲಾಭ ಕೈಗೆ ನಿಲ್ಲಲಿಲ್ಲ. ಇಷ್ಟು ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವ ಪೇಟೆಯಲ್ಲಿ ನಾಳೆಯ ಡಾಲರ್ ದರವನ್ನು ಊಹಿಸಿ ಹಣ ಮಾಡುತ್ತೇನೆಂದು ಹೊರಡುವುದು ಎಂತಹ ಸಾಹಸವೆಂಬುದನ್ನು ಯಾರಾದರೂ ಊಹಿಸಬಹುದು.

"ರೂಪಾಯಿ ಹೇಗೂ ಇಳಿಯುತ್ತದೆ" ಎಂಬ ನಂಬಿಕೆ

ವ್ಯಾಪಾರ ವಲಯದಲ್ಲಿ ಆಳವಾಗಿ ಬೇರೂರಿರುವ ನಂಬಿಕೆಯೊಂದಿದೆ. ರೂಪಾಯಿ ಇಳಿಯುತ್ತಲೇ ಇರುತ್ತದೆ, ಆದ್ದರಿಂದ ರಫ್ತುದಾರನಿಗೆ ರಕ್ಷಣೆ ಬೇಕಿಲ್ಲ. ಡಾಲರ್ ಕೊಂಡಿಟ್ಟವನಿಗೆ ನಷ್ಟವೇ ಇಲ್ಲ ಎಂಬುದು ಅದರ ಸಾರ. ದೀರ್ಘಾವಧಿಯನ್ನು ನೋಡಿದರೆ ಇದು ನಿಜವೆನಿಸುತ್ತದೆ. 1991ರ ಜುಲೈ ಅಪಮೌಲ್ಯಕ್ಕೆ ಮುನ್ನ ಡಾಲರಿಗೆ ಸುಮಾರು 21 ರೂಪಾಯಿ ಇತ್ತು. 2013ರ ಆಗಸ್ಟ್‌ನಲ್ಲಿ ಅದು 68 ದಾಟಿತು. 2025ರ ಡಿಸೆಂಬರ್‌ನಲ್ಲಿ 90ರ ಗಡಿಯನ್ನೂ ದಾಟಿತು.

ಆದರೆ ವ್ಯಾಪಾರಿಯ ಲೆಕ್ಕ 30 ವರ್ಷಗಳದಲ್ಲ, 90 ದಿನಗಳದು. 2007ರ ಆರಂಭದಲ್ಲಿ 44 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ ಆ ವರ್ಷದ ಕೊನೆಗೆ 39ರ ಮಟ್ಟಕ್ಕೆ ಇಳಿಯಿತು. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಆದಾಯ ಕಣ್ಣೆದುರೇ ಕರಗಿತು. ರಕ್ಷಣೆಯಿಲ್ಲದೆ ಒಪ್ಪಂದ ಮಾಡಿಕೊಂಡಿದ್ದ ರಫ್ತುದಾರರು ದೇಶದಾದ್ಯಂತ ತತ್ತರಿಸಿದರು. ಇದರಿಂದ ಬೆದರಿ 2008ರ ಆರಂಭದಲ್ಲಿ 40 ರೂಪಾಯಿಯ ಸಮೀಪದ ದರಕ್ಕೆ ತಮ್ಮ ಡಾಲರ್‌ಗಳನ್ನು ದೀರ್ಘಾವಧಿಗೆ ಕಟ್ಟಿಹಾಕಿದವರು, ವರ್ಷಾಂತ್ಯಕ್ಕೆ ಡಾಲರ್ 50ಕ್ಕೆ ಏರಿದಾಗ ಕೈ ಹಿಸುಕಿಕೊಂಡರು. ಎರಡೇ ವರ್ಷಗಳೊಳಗೆ ಎರಡು ವಿರುದ್ಧ ದಿಕ್ಕಿನ ಪೆಟ್ಟು! ಪೂರ್ತಿ ತೆರೆದಿಡುವುದೂ ಪೂರ್ತಿ ಕಟ್ಟಿಹಾಕುವುದೂ ವಿವೇಕವಲ್ಲ ಎಂಬುದೇ ಈ ಅವಧಿಯ ಪಾಠ.

ಅದೇ ಕಾಲದಲ್ಲಿ ಇನ್ನೂ ಕಠಿಣವಾದ ಪಾಠವೊಂದು ತಮಿಳುನಾಡಿನಿಂದ ಬಂದಿತು. ತಿರುಪ್ಪೂರಿನ ಹೊಸೈರಿ ರಫ್ತುದಾರರಲ್ಲಿ ಅನೇಕರು ತಮ್ಮ ವ್ಯಾಪಾರಕ್ಕೆ ಸಂಬಂಧವೇ ಇಲ್ಲದ ಸ್ವಿಸ್ ಫ್ರಾಂಕ್, ಯೆನ್ ಮುಂತಾದ ಕರೆನ್ಸಿಗಳ ಸಂಕೀರ್ಣ ಒಪ್ಪಂದಗಳಿಗೆ ಸಹಿ ಹಾಕಿ ಭಾರೀ ನಷ್ಟ ಅನುಭವಿಸಿದರು. ಇಂತಹುದೇ ಡಾಲರ್-ಫ್ರಾಂಕ್ ಒಪ್ಪಂದದ ವಿಷಯವಾಗಿ ರಾಜಶ್ರೀ ಶುಗರ್ಸ್ ಕಂಪೆನಿ ಮತ್ತು ಆಕ್ಸಿಸ್ ಬ್ಯಾಂಕ್ ನಡುವಿನ ವ್ಯಾಜ್ಯ 2008ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಬಂದಾಗ, ಒಪ್ಪಂದವು ಜೂಜಾದುದರಿಂದ ಅಸಿಂಧು ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಅರ್ಥವಾಗದ ಕಾಗದಕ್ಕೆ ಹಾಕಿದ ಸಹಿಯೂ ಸಹಿಯೇ ಎಂಬುದನ್ನು ಪ್ರತಿಯೊಬ್ಬ ಸಣ್ಣ ಉದ್ದಿಮೆದಾರನೂ ನೆನಪಿನಲ್ಲಿಡಬೇಕು.

ಒಂದು ಕಂಟೈನರಿನ ಲೆಕ್ಕ

ವಿಷಯವನ್ನು ಅಂಕಿಗಳಲ್ಲಿ ನೋಡುವುದು ಒಳಿತು. ಒಬ್ಬ ಸಣ್ಣ ರಫ್ತುದಾರ ಮಂಗಳೂರು ಬಂದರಿನ ಮೂಲಕ ಒಂದು ಕಂಟೈನರ್ ರೋಬಸ್ಟಾ ಕಳುಹಿಸುತ್ತಾನೆ ಎಂದಿಟ್ಟುಕೊಳ್ಳೋಣ. 60 ಕಿಲೋದ 320 ಚೀಲಗಳು, ಅಂದರೆ 19.2 ಟನ್. ಲೆಕ್ಕದ ಅನುಕೂಲಕ್ಕಾಗಿ ಟನ್ನಿಗೆ 4,000 ಡಾಲರ್ ಎಂದು ಹಿಡಿದರೆ ಬಿಲ್ಲಿನ ಮೊತ್ತ 76,800 ಡಾಲರ್. ಡಾಲರಿಗೆ 90 ರೂಪಾಯಿಯಂತೆ 69.12 ಲಕ್ಷ ರೂಪಾಯಿ. ಶೇಕಡಾ 2ರ ಲಾಭ ಇಟ್ಟುಕೊಂಡಿದ್ದರೆ ಅವನಿಗೆ ಉಳಿಯುವುದು 1.38 ಲಕ್ಷ ರೂಪಾಯಿ.

ಅವನು ಈ ಕಾಫಿಯನ್ನು ಬೆಳೆಗಾರರಿಂದ ಇಂದಿನ ಡಾಲರ್ ದರದ ಲೆಕ್ಕದಲ್ಲಿ ಕೊಂಡು ಹಣ ಕೊಟ್ಟಾಗಿದೆ. ಅವನಿಗೆ ಡಾಲರ್ ಬರುವುದು ಎರಡು ಮೂರು ತಿಂಗಳ ನಂತರ. ಆ ಅವಧಿಯಲ್ಲಿ ಡಾಲರ್ 90ರಿಂದ 88 ರೂಪಾಯಿ 20 ಪೈಸೆಗೆ ಇಳಿದರೆ ಸಾಕು, ಅವನ ಲಾಭ ಪೂರ್ತಿಯಾಗಿ ಮಾಯ. ಗುಣಮಟ್ಟದ ಔಟ್‌ಟರ್ನ್‌ನಲ್ಲಿ ಒಂದೊಂದು ಅಂಶಕ್ಕೂ ಗಂಟೆಗಟ್ಟಲೆ ಚೌಕಾಸಿ ಮಾಡುವ ವ್ಯಾಪಾರಿ ಈ ಒಂದು ರೂಪಾಯಿ 80 ಪೈಸೆಯನ್ನು ದೈವಕ್ಕೆ ಬಿಡುವುದು ಸೋಜಿಗದ ಸಂಗತಿ.

ಇದಕ್ಕೆ ಪರಿಹಾರಗಳಿವೆ. ಬ್ಯಾಂಕಿನೊಡನೆ ಫಾರ್ವರ್ಡ್ ಒಪ್ಪಂದ ಮಾಡಿಕೊಂಡರೆ ಮುಂದೆ ಬರಲಿರುವ ಡಾಲರಿಗೆ ಇಂದೇ ದರ ನಿಗದಿಯಾಗುತ್ತದೆ. ಭಾರತದ ಬಡ್ಡಿ ದರ ಅಮೆರಿಕದ ದರಕ್ಕಿಂತ ಸಾಮಾನ್ಯವಾಗಿ ಹೆಚ್ಚಿರುವುದರಿಂದ ಮುಂದಿನ ತಿಂಗಳುಗಳ ಡಾಲರ್ ದರ ಇಂದಿನ ದರಕ್ಕಿಂತ ಸ್ವಲ್ಪ ಮೇಲಿರುತ್ತದೆ. ಈ ಪ್ರೀಮಿಯಂ ರಫ್ತುದಾರನಿಗೆ ಲಾಭ, ಆಮದುದಾರನಿಗೆ ವೆಚ್ಚ. ಇದಕ್ಕಿಂತಲೂ ಸರಳವಾದ ಉಪಾಯವೆಂದರೆ ರಫ್ತಿಗೆ ಮುನ್ನ ಪಡೆಯುವ ಪ್ಯಾಕಿಂಗ್ ಕ್ರೆಡಿಟ್ ಸಾಲವನ್ನು ಡಾಲರಿನಲ್ಲೇ ಪಡೆಯುವುದು. ಆ ಡಾಲರನ್ನು ಇಂದಿನ ದರಕ್ಕೆ ರೂಪಾಯಿಗೆ ಪರಿವರ್ತಿಸಿ ಕಾಫಿ ಕೊಂಡು, ರಫ್ತಿನ ಡಾಲರಿನಿಂದಲೇ ಸಾಲ ತೀರಿಸಿದರೆ ದರದ ಪ್ರಶ್ನೆಯೇ ಬಗೆಹರಿಯಿತು. ಹೊರದೇಶದಿಂದ ಹುರಿಯುವ ಯಂತ್ರ ಅಥವಾ ಪ್ಯಾಕಿಂಗ್ ಯಂತ್ರ ತರಿಸುವವನು, ರಫ್ತಿನಿಂದ ಬಂದ ಡಾಲರನ್ನು ರಫ್ತುದಾರರ ವಿದೇಶಿ ಹಣದ ಖಾತೆಯಲ್ಲಿಟ್ಟು, ನಿಯಮ ವಿಧಿಸಿದ ಅವಧಿಯೊಳಗೆ ಅದರಿಂದಲೇ ಬಿಲ್ ಪಾವತಿಸಬಹುದು. ಇವುಗಳಲ್ಲಿ ಯಾವುದೂ ಮೊಬೈಲಿನ ಪರದೆಯನ್ನು ದಿನವಿಡೀ ದಿಟ್ಟಿಸುವ ಕೆಲಸವಲ್ಲ.

ಕಾನೂನು ಏನು ಹೇಳುತ್ತದೆ

ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಡಾಲರ್-ರೂಪಾಯಿ ಫ್ಯೂಚರ್ಸ್ ವ್ಯವಹಾರ ಆರಂಭವಾದುದು 2008ರ ಆಗಸ್ಟ್ 29ರಂದು. ಒಂದು ಲಾಟ್ ಎಂದರೆ 1,000 ಡಾಲರ್. ಡಾಲರ್ ಒಂದು ರೂಪಾಯಿ ಏರಿಳಿದರೆ ಲಾಟಿಗೆ 1,000 ರೂಪಾಯಿ ವ್ಯತ್ಯಾಸ. ಸಣ್ಣ ವ್ಯಾಪಾರಿಗೂ ಕೈಗೆಟಕುವ ಈ ವ್ಯವಸ್ಥೆ ಸ್ವಾಗತಾರ್ಹವೇ ಆಗಿತ್ತು. ಆದರೆ ಕಾಲಕ್ರಮದಲ್ಲಿ ರಕ್ಷಣೆಗಿಂತ ಸಟ್ಟಾ ವ್ಯವಹಾರಕ್ಕೇ ಅದರ ಬಳಕೆ ಹೆಚ್ಚಿತು. ಭಾರತೀಯ ರಿಸರ್ವ್ ಬ್ಯಾಂಕು 2024ರ ಜನವರಿಯಲ್ಲಿ ನಿಯಮವನ್ನು ಮತ್ತೆ ಸ್ಪಷ್ಟಪಡಿಸಿತು. ವಿದೇಶಿ ಹಣದ ನೈಜ ವ್ಯವಹಾರವಿದ್ದವರು ಮಾತ್ರ ರೂಪಾಯಿ ಒಳಗೊಂಡ ಈ ಒಪ್ಪಂದಗಳಲ್ಲಿ ತೊಡಗಬಹುದು. ನಿಗದಿತ ಮಿತಿಯವರೆಗೆ ದಾಖಲೆ ತೋರಿಸುವ ಅಗತ್ಯವಿಲ್ಲದಿದ್ದರೂ ವ್ಯವಹಾರವಂತೂ ಇರಲೇಬೇಕು. 2024ರ ಮೇ 3ರಿಂದ ಇದು ಜಾರಿಗೆ ಬಂದ ಮೇಲೆ ವಿನಿಮಯ ಕೇಂದ್ರಗಳಲ್ಲಿ ಈ ವಹಿವಾಟು ಗಣನೀಯವಾಗಿ ಕುಸಿಯಿತು.

ಹೀಗಾಗಿ ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಕಾನೂನೇ ಉತ್ತರ ಕೊಟ್ಟಿದೆ. ಡಾಲರಿನ ಬಿಲ್ಲಾಗಲೀ ಪಾವತಿಯಾಗಲೀ ಇಲ್ಲದವನಿಗೆ ಎಷ್ಟೇ ಎಚ್ಚರಿಕೆಯಿಂದಾದರೂ ಡಾಲರ್-ರೂಪಾಯಿ ವ್ಯವಹಾರಕ್ಕೆ ಅವಕಾಶವಿಲ್ಲ.

ಇನ್ನು ಜಾಹೀರಾತುಗಳಲ್ಲಿ ಕಾಣಿಸಿಕೊಳ್ಳುವ ಹೊರದೇಶಿ ಜಾಲತಾಣಗಳ ವಿಷಯ. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆಯ ಪ್ರಕಾರ ಭಾರತದ ನಿವಾಸಿಗಳು ಅಧಿಕೃತ ಬ್ಯಾಂಕುಗಳು, ಮಾನ್ಯತೆ ಪಡೆದ ವಿನಿಮಯ ಕೇಂದ್ರಗಳು ಹಾಗೂ ರಿಸರ್ವ್ ಬ್ಯಾಂಕಿನ ಅನುಮತಿಯುಳ್ಳ ವೇದಿಕೆಗಳ ಮೂಲಕ ಮಾತ್ರ ವಿದೇಶಿ ವಿನಿಮಯ ವ್ಯವಹಾರ ಮಾಡಬೇಕು. ಹೊರದೇಶದಲ್ಲಿ ಮಾರ್ಜಿನ್ ಕಟ್ಟಲು ಹಣ ಕಳುಹಿಸುವುದಕ್ಕೆ ಉದಾರೀಕೃತ ಹಣ ರವಾನೆ ಯೋಜನೆಯಲ್ಲೂ ಅವಕಾಶವಿಲ್ಲ. ಉಲ್ಲಂಘಿಸಿದರೆ ಮೊತ್ತದ ಮೂರು ಪಟ್ಟಿನವರೆಗೆ ದಂಡ ಬೀಳಬಹುದು. ಅನುಮತಿಯಿಲ್ಲದ 34 ಸಂಸ್ಥೆಗಳ ಹೆಸರುಗಳಿದ್ದ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಅನಂತರ ಆ ಪಟ್ಟಿಗೆ ಹಲವು ಬಾರಿ ಹೊಸ ಹೆಸರುಗಳು ಸೇರಿವೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಅದು ಅಧಿಕೃತ ಸಂಸ್ಥೆಯೆಂದು ತಿಳಿಯಬಾರದೆಂದೂ ರಿಸರ್ವ್ ಬ್ಯಾಂಕು ಹೇಳಿದೆ.

ಈ ಜಾಲತಾಣಗಳು ಕೊಡುವ ಆಮಿಷ ಗಮನಾರ್ಹವಾದುದು. ಕಟ್ಟಿದ ಹಣದ 500 ಪಟ್ಟು ವ್ಯವಹಾರ ಮಾಡಬಹುದೆಂದು ಅವು ಹೇಳುತ್ತವೆ. ಇದರ ಅರ್ಥವನ್ನು ವ್ಯಾಪಾರಿ ತಾನೇ ಲೆಕ್ಕ ಹಾಕಿ ನೋಡಬೇಕು. 500 ಪಟ್ಟು ವ್ಯವಹಾರದಲ್ಲಿ ದರವು ನೂರಕ್ಕೆ 20 ಪೈಸೆಯಷ್ಟು ವಿರುದ್ಧವಾಗಿ ಸರಿದರೆ ಕಟ್ಟಿದ ಹಣ ಶೂನ್ಯ. 90 ರೂಪಾಯಿಯ ಡಾಲರಿನಲ್ಲಿ ಅದು 18 ಪೈಸೆ. ಅಷ್ಟು ಏರಿಳಿತ ಒಂದು ಬೆಳಗಿನ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಆಗಿಹೋಗಬಹುದು.

ಯಾರು ಗೆದ್ದರು?

ಅನುಭವದಿಂದ ಕೌಶಲ ಬರುತ್ತದೆ, ಆರಂಭದಲ್ಲಿ ಸೋತರೂ ಮುಂದೆ ಗೆಲ್ಲಬಹುದು ಎಂಬ ವಾದವಿದೆ. ಅಂಕಿಅಂಶಗಳು ಇದನ್ನು ಸಮರ್ಥಿಸುವುದಿಲ್ಲ. ಷೇರು ಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರದ ಬಗ್ಗೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಬಿಡಿ ವ್ಯವಹಾರಸ್ಥರಲ್ಲಿ ಶೇಕಡಾ 93ರಷ್ಟು ಮಂದಿ ನಷ್ಟ ಹೊಂದಿದ್ದಾರೆ. ಅವರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳಿಗೂ ಮಿಗಿಲು. ಇದು ಕರೆನ್ಸಿಯ ಅಂಕಿಯಲ್ಲವೆಂಬುದು ನಿಜ. ಆದರೆ ಯೂರೋಪಿನ ನಿಯಂತ್ರಣ ಸಂಸ್ಥೆ 2018ರಲ್ಲಿ, ಕರೆನ್ಸಿಯೂ ಸೇರಿದಂತೆ ದರದ ವ್ಯತ್ಯಾಸದ ಮೇಲೆ ಹಣ ಕಟ್ಟುವ ಒಪ್ಪಂದಗಳನ್ನು ಪರಿಶೀಲಿಸಿ, ಬಿಡಿ ಗ್ರಾಹಕರ ಖಾತೆಗಳಲ್ಲಿ ಶೇಕಡಾ 74ರಿಂದ 89ರಷ್ಟು ನಷ್ಟದಲ್ಲಿವೆಯೆಂದು ಹೇಳಿತು. ಹತ್ತು ಮಂದಿಯಲ್ಲಿ ಏಳೆಂಟು ಮಂದಿ ಕೈಸುಟ್ಟುಕೊಳ್ಳುವ ವ್ಯಾಪಾರಕ್ಕೆ ಯಾವ ಸಾಹುಕಾರನೂ ಬಂಡವಾಳ ಹಾಕಲಾರನು.

ಅಡುಗೆಮನೆಯ ಲೆಕ್ಕ ಮೊದಲು

ಕೊಡಗಿನ ಸಣ್ಣ ವ್ಯಾಪಾರಕ್ಕೆ ಒಂದು ವಿಶೇಷ ಲಕ್ಷಣವಿದೆ. ಅಂಗಡಿಯ ಲೆಕ್ಕವೂ ತೋಟದ ಲೆಕ್ಕವೂ ಮನೆಯ ಲೆಕ್ಕವೂ ಬಹುಪಾಲು ಒಂದೇ ಪುಸ್ತಕದಲ್ಲಿರುತ್ತವೆ. ಅರೇಬಿಕಾ ಕೊಯ್ಲು ನವೆಂಬರಿನಿಂದ, ರೋಬಸ್ಟಾ ಕೊಯ್ಲು ಜನವರಿಯಿಂದ. ಆ ಕೆಲವು ತಿಂಗಳುಗಳಲ್ಲಿ ಕೈಗೆ ಬರುವ ಹಣವೇ ವರ್ಷದ ಹನ್ನೆರಡು ತಿಂಗಳು ಒಲೆಯನ್ನು ಉರಿಸಬೇಕು. ಮಳೆಗಾಲದ ಕೂಲಿ, ಗೊಬ್ಬರ, ಮಕ್ಕಳ ಶುಲ್ಕ, ಮದುವೆ ಮುಂಜಿ ಎಲ್ಲವೂ ಅದರಿಂದಲೇ ಸಾಗಬೇಕು.

ಫ್ಯೂಚರ್ಸ್ ವ್ಯವಹಾರದ ಸ್ವಭಾವ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಲಾಭ ನಷ್ಟ ಪ್ರತಿದಿನ ಇತ್ಯರ್ಥವಾಗುತ್ತದೆ. ದರ ವಿರುದ್ಧವಾಗಿ ಸರಿದ ದಿನವೇ ಹೆಚ್ಚಿನ ಮಾರ್ಜಿನ್ ಕಟ್ಟಬೇಕು. ಕಾಫಿಯ ಡಾಲರ್ ಬರುವುದು ಎರಡು ತಿಂಗಳ ನಂತರವಾದರೂ ವಿನಿಮಯ ಕೇಂದ್ರ ಹಣ ಕೇಳುವುದು ಇಂದು ಸಂಜೆ. ರಕ್ಷಣೆಗೆಂದು ಸರಿಯಾಗಿಯೇ ವ್ಯವಹಾರ ಮಾಡಿದವನೂ ಕೈಯಲ್ಲಿ ನಗದಿಲ್ಲದೆ ಅರ್ಧದಲ್ಲೇ ನಷ್ಟದಿಂದ ಹೊರಬರಬೇಕಾದೀತು. ವರ್ಷಕ್ಕೊಮ್ಮೆ ಆದಾಯ ಕಾಣುವ ಮನೆಗೆ ದಿನಕ್ಕೊಮ್ಮೆ ಹಣ ಕೇಳುವ ವ್ಯವಹಾರ ಹೊಂದುವುದಿಲ್ಲ. ಆದುದರಿಂದಲೇ ಸಣ್ಣವರಿಗೆ ಬ್ಯಾಂಕಿನ ಫಾರ್ವರ್ಡ್ ಒಪ್ಪಂದ ಅಥವಾ ಡಾಲರ್ ಸಾಲ ಹೆಚ್ಚು ಸೂಕ್ತ.

ಪ್ರಮಾಣದ ವಿಷಯದಲ್ಲಿ ಕೊಡಗಿನ ಅಡುಗೆಮನೆಯೇ ವ್ಯಾಪಾರಿಗೆ ಪಾಠ ಹೇಳಬಲ್ಲದು. ಭಾನುವಾರ ರಾತ್ರಿ ಮನೆಮಂದಿಯೆಲ್ಲ ಕಲೆತು ಉಣ್ಣುವ ಕೋಳಿ ಸಾರಿನ ಕ್ರಮ ಸರಳವಾದುದು. ಕೋಳಿ, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹುರಿದು ಪುಡಿಮಾಡಿದ ಕೊತ್ತಂಬರಿ, ಜೀರಿಗೆ ಹಾಗೂ ಕಾಳುಮೆಣಸು ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಹಾಕಿ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಪಕ್ಕದ ಒಲೆಯಲ್ಲಿ ಕಡಂಬುಟ್ಟು ಹಬೆಯಾಡುತ್ತಿರುತ್ತದೆ. ಕೊನೆಯಲ್ಲಿ ಸೇರುವ ಕಾಚಂಪುಳಿ ಒಂದು ಚಮಚ ಮಾತ್ರ. ಆ ಒಂದು ಚಮಚದಿಂದ ಸಾರಿಗೆ ರುಚಿಯೂ ಬಾಳಿಕೆಯೂ ಬರುತ್ತದೆ. ಒಂದು ಲೋಟ ಸುರಿದರೆ ಪಾತ್ರೆಯ ಅಷ್ಟೂ ಅಡುಗೆ ಹಾಳು. ಡಾಲರ್ ಒಪ್ಪಂದವೂ ವ್ಯಾಪಾರವೆಂಬ ಪಾತ್ರೆಗೆ ಕಾಚಂಪುಳಿಯಂತೆ; ಅದು ಕೋಳಿಯ ಸ್ಥಾನವನ್ನು ಎಂದೂ ಪಡೆಯಲಾರದು. ಆ ಊಟಕ್ಕೆ ಎತ್ತಿಟ್ಟ ಹಣವನ್ನಂತೂ ಯಾವ ಮಾರ್ಜಿನ್ ಖಾತೆಗೂ ಕಟ್ಟಬಾರದು. ಮನೆಯ ವರ್ಷದ ಖರ್ಚನ್ನು ಮೊದಲು ಬೇರೆ ಖಾತೆಯಲ್ಲಿ ತೆಗೆದಿರಿಸಿ, ಆ ಬಳಿಕವೇ ವ್ಯಾಪಾರದ ಬಂಡವಾಳವನ್ನು ಎಣಿಸುವುದು ಕ್ರಮ.

ಹೊಸಬರಿಗೆ ಹಿತವಾದ ದಾರಿ

ಡಾಲರಿನ ನೈಜ ವ್ಯವಹಾರವುಳ್ಳ ಹೊಸಬರು ಮೊದಲು ಮಾಡಬೇಕಾದುದು ಒಂದು ಹಾಳೆಯ ಮೇಲೆ ತಮ್ಮ ಡಾಲರ್ ಲೆಕ್ಕವನ್ನು ಬರೆಯುವುದು. ಯಾವ ತಿಂಗಳಲ್ಲಿ ಎಷ್ಟು ಡಾಲರ್ ಬರಬೇಕು, ಎಷ್ಟು ಕೊಡಬೇಕು, ಉಳಿಯುವುದೆಷ್ಟು ಎಂಬುದು ಸ್ಪಷ್ಟವಾದರೆ ಅರ್ಧ ಕೆಲಸ ಮುಗಿದಂತೆ. ಎರಡನೆಯದಾಗಿ, ಖಚಿತವಾದ ಆದೇಶದ ಅರ್ಧದಿಂದ ಮೂರನೆಯ ಎರಡು ಭಾಗದವರೆಗೆ ಮಾತ್ರ ದರ ನಿಗದಿ ಮಾಡಿಕೊಳ್ಳುವುದು ಸುರಕ್ಷಿತ. ಮೇಲಿನ ಉದಾಹರಣೆಯಲ್ಲಿ 76,800 ಡಾಲರಿನ ಪೈಕಿ 40,000ದಿಂದ 50,000 ಡಾಲರ್. ಆದೇಶ ರದ್ದಾದರೆ ಅಥವಾ ಮಳೆಯಿಂದ ಸರಕು ತಡವಾದರೆ, ಕಾಫಿಯಿಲ್ಲದೆ ಉಳಿಯುವ ಡಾಲರ್ ಒಪ್ಪಂದವು ಬರಿಯ ಸಟ್ಟಾ ಆಗಿಬಿಡುತ್ತದೆ. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ರಸ್ತೆಗಳೇ ಕೊಚ್ಚಿಹೋದುದನ್ನು ಕಂಡ ಜಿಲ್ಲೆಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೂರನೆಯದಾಗಿ, ಒಪ್ಪಂದದ ದಿಕ್ಕು ವ್ಯಾಪಾರದ ದಿಕ್ಕಿಗೆ ಅನುಗುಣವಾಗಿರಬೇಕು. ಡಾಲರ್ ಪಡೆಯುವವನು ಡಾಲರನ್ನು ಮುಂಗಡವಾಗಿ ಮಾರಬೇಕು, ಕೊಡಬೇಕಾದವನು ಕೊಳ್ಳಬೇಕು. ರಫ್ತುದಾರನೊಬ್ಬ ಡಾಲರ್ ಏರುತ್ತದೆಂದು ಇನ್ನಷ್ಟು ಡಾಲರ್ ಕೊಂಡರೆ ಅವನು ತನ್ನ ಅಪಾಯವನ್ನು ತಾನೇ ಇಮ್ಮಡಿಗೊಳಿಸಿಕೊಂಡಂತೆ. ನಾಲ್ಕನೆಯದಾಗಿ, ಯೂರೋ ಬಿಲ್ಲಿದ್ದರೆ ಯೂರೋ, ಡಾಲರ್ ಬಿಲ್ಲಿದ್ದರೆ ಡಾಲರ್. ಸಂಬಂಧವಿಲ್ಲದ ಮೂರನೆಯ ಕರೆನ್ಸಿ ಬೇಡ. ಕೊನೆಯದಾಗಿ, ದರ ನಿಗದಿ ಮಾಡಿಕೊಂಡ ಮೇಲೆ ಡಾಲರ್ ಇನ್ನೂ ಏರಿದರೆ ಅದನ್ನು ನಷ್ಟವೆಂದು ಬಗೆಯಬಾರದು. ವಿಮೆ ಮಾಡಿಸಿದ ಗೋದಾಮಿಗೆ ಬೆಂಕಿ ಬೀಳಲಿಲ್ಲವೆಂದು ಯಾರೂ ಕೊರಗುವುದಿಲ್ಲ.

ರೂಪಾಯಿಯಲ್ಲಿಯೇ ಮಾರುವ ಬೆಳೆಗಾರರಿಗೂ ಸಣ್ಣ ಖರೀದಿದಾರರಿಗೂ ಕರೆನ್ಸಿ ಪೇಟೆಯ ಹಂಗು ಬೇಕಿಲ್ಲ. ಅವರ ಕೈಯಲ್ಲಿರುವ ಸಾಧನ ಹಂತಹಂತದ ಮಾರಾಟ. ಬೆಳೆಯನ್ನು ಮೂರು ನಾಲ್ಕು ಪಾಲು ಮಾಡಿ, ಒಂದು ಪಾಲನ್ನು ಕೊಯ್ಲಿನ ಖರ್ಚಿಗೆ, ಒಂದನ್ನು ಮಳೆಗಾಲಕ್ಕೆ ಮೊದಲು, ಉಳಿದುದನ್ನು ದರ ನೋಡಿ ಮಾರಿದರೆ ಕಾಫಿಯ ಏರಿಳಿತವೂ ಡಾಲರಿನ ಏರಿಳಿತವೂ ಒಟ್ಟಿಗೇ ಹಂಚಿಹೋಗುತ್ತವೆ. 2001-02ರ ಸುಮಾರಿಗೆ ಅರೇಬಿಕಾ ಪೌಂಡಿಗೆ 50 ಸೆಂಟ್‌ಗಿಂತ ಕೆಳಗಿಳಿದ ದಿನಗಳನ್ನೂ, 2025ರ ಫೆಬ್ರುವರಿಯಲ್ಲಿ ಅದು 4 ಡಾಲರ್ ದಾಟಿದ ದಿನಗಳನ್ನೂ ಕಂಡವರು ಈ ಮಾತಿನ ಬೆಲೆಯನ್ನು ಬಲ್ಲರು.

ವಾಣಿಜ್ಯ ಸಂಸ್ಥೆಗಳ ಹೊಣೆ

ಸಣ್ಣ ವ್ಯಾಪಾರಸ್ಥನು ತಪ್ಪು ದಾರಿ ಹಿಡಿಯುವುದಕ್ಕೆ ದುರಾಸೆಯೊಂದೇ ಕಾರಣವಲ್ಲ. ಸರಿಯಾದ ದಾರಿಯನ್ನು ಅವನಿಗೆ ಯಾರೂ ತೋರಿಸಿಲ್ಲವೆಂಬುದೂ ಅಷ್ಟೇ ನಿಜ. ಬ್ಯಾಂಕಿಗೆ ಹೋಗಿ ಫಾರ್ವರ್ಡ್ ಒಪ್ಪಂದದ ಬಗ್ಗೆ ಕೇಳಿದರೆ ಸಿಗುವ ಉತ್ತರಕ್ಕಿಂತ ಮೊಬೈಲಿಗೆ ಬರುವ ಜಾಹೀರಾತಿನ ವಿವರಣೆ ಅವನಿಗೆ ಸುಲಭವಾಗಿ ಅರ್ಥವಾಗುತ್ತದೆ. ಈ ಕೊರತೆಯನ್ನು ತುಂಬುವ ಕೆಲಸ ವಾಣಿಜ್ಯ ಸಂಸ್ಥೆಗಳದು.

ಬ್ಯಾಂಕುಗಳು ಡಾಲರ್ ಪರಿವರ್ತನೆಯಲ್ಲಿ ಎಷ್ಟು ಪೈಸೆ ತಮ್ಮ ಪಾಲಿಗೆ ಇಟ್ಟುಕೊಳ್ಳುತ್ತವೆಂಬುದನ್ನು ಬಹಳಷ್ಟು ಸಣ್ಣ ರಫ್ತುದಾರರು ವಿಚಾರಿಸುವುದೇ ಇಲ್ಲ. ಸಣ್ಣ ಗ್ರಾಹಕರಿಗೂ ಪೇಟೆಯ ದರ ದೊರೆಯಲೆಂದೇ 2019ರ ಆಗಸ್ಟ್‌ನಲ್ಲಿ ಭಾರತೀಯ ಕ್ಲಿಯರಿಂಗ್ ನಿಗಮದ ಎಫ್‌ಎಕ್ಸ್-ರೀಟೇಲ್ ವೇದಿಕೆ ಆರಂಭವಾಯಿತು. ಅದರಲ್ಲಿ ನೋಂದಾಯಿಸಿಕೊಳ್ಳುವ ಕ್ರಮವನ್ನು ಸದಸ್ಯರಿಗೆ ಕಲಿಸಿಕೊಡುವುದು ಕಷ್ಟವಲ್ಲ. ಕಂಟೈನರಿಗೆ ಡಾಲರಿಗೆ 25 ಪೈಸೆ ಉಳಿದರೂ ಮೇಲಿನ ಉದಾಹರಣೆಯಲ್ಲಿ 19,200 ರೂಪಾಯಿ ಉಳಿತಾಯ. ಯಾವ ಸಟ್ಟಾ ವ್ಯವಹಾರದ ಅಪಾಯವೂ ಇಲ್ಲದೆ ದೊರೆಯುವ ಲಾಭವಿದು.

ಕೊಯ್ಲಿಗೆ ಮುನ್ನ, ಪುತ್ತರಿಯ ಸುಮಾರಿಗೆ, ಮಡಿಕೇರಿ, ವಿರಾಜಪೇಟೆ ಹಾಗೂ ಕುಶಾಲನಗರಗಳಲ್ಲಿ ಬ್ಯಾಂಕ್ ಅಧಿಕಾರಿಗಳನ್ನು ಕರೆಸಿ ಕನ್ನಡದಲ್ಲಿಯೇ ಒಂದು ದಿನದ ಶಿಬಿರ ನಡೆಸಬಹುದು. ರಿಸರ್ವ್ ಬ್ಯಾಂಕಿನ ಎಚ್ಚರಿಕೆ ಪಟ್ಟಿಯನ್ನು ಸಂಸ್ಥೆಯ ಕಚೇರಿಯ ಫಲಕದಲ್ಲಿ ಪ್ರಕಟಿಸಿ, ಅನುಮಾನವಿದ್ದವರು ಹಣ ಕಟ್ಟುವ ಮೊದಲು ಬಂದು ವಿಚಾರಿಸುವಂತೆ ಮಾಡಬಹುದು. ಸೇನೆಯಿಂದ ನಿವೃತ್ತರಾಗಿ ಬಂದ ಹಣವನ್ನು ಎಲ್ಲಿ ತೊಡಗಿಸಬೇಕೆಂದು ಯೋಚಿಸುವವರು ಜಿಲ್ಲೆಯಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೂ ಈ ಶಿಬಿರಗಳ ಬಾಗಿಲು ತೆರೆದಿರಬೇಕು.

2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೊಡಗಿನ ಅರೇಬಿಕಾಗೆ ಜಗತ್ತಿನ ಪೇಟೆಯಲ್ಲಿ ಹೆಸರಿದೆ. ಆ ಹೆಸರಿನಿಂದ ಬರುವ ಪ್ರತಿ ಡಾಲರನ್ನೂ ಪೂರ್ಣ ಮೌಲ್ಯಕ್ಕೆ ಮನೆಗೆ ತರುವುದೇ ಇಲ್ಲಿನ ವ್ಯಾಪಾರಸ್ಥನಿಗೆ ಯೋಗ್ಯವಾದ ಕರೆನ್ಸಿ ವ್ಯವಹಾರ. ಡಾಲರ್ ನಾಳೆ ಎಷ್ಟಾಗುತ್ತದೆಂಬ ಊಹೆ ಅವನ ಕಸುಬಲ್ಲ. ಕಾಫಿಯನ್ನು ಕೊಂಡು, ಹಸನುಗೊಳಿಸಿ, ಮಾರಿ ಬದುಕುವುದು ಅವನ ಕಸುಬು. ಆ ಕಸುಬಿಗೆ ರಕ್ಷಣೆಯಾಗುವಷ್ಟು ಮಟ್ಟಿಗೆ ಡಾಲರ್ ಒಪ್ಪಂದ ಅವನ ಬಳಿ ಇರಲಿ. ಅದಕ್ಕಿಂತ ಹೆಚ್ಚಿಗೆ ಬೇಡ.